ಬೆಂಗಳೂರಿನ ಎರಡು ನಲ್ಲಿಗಳು

ಬೆಂಗಳೂರಿನ ಅನೇಕ ಮನೆಗಳ ಅಡುಗೆ ಕೋಣೆಯಲ್ಲಿ ಎರಡು ನಲ್ಲಿಗಳು ಅಕ್ಕಪಕ್ಕದಲ್ಲಿ ನಿಂತಿರುವುದುಂಟು. ಹೊಸದಾಗಿ ಮನೆಗೆ ಬಂದ ಸೊಸೆಗೆ ಮೊದಲ ದಿನವೇ ದೊರೆಯುವ ಪಾಠ: “ಇದು ಕಾವೇರಿ, ಅದು ಬೋರು. ಬೇಳೆಗೆ ಇದು, ಪಾತ್ರೆ ತೊಳೆಯಲು ಅದು.” ನೋಟಕ್ಕೆ ಎರಡೂ ನೀರು ತಿಳಿಯೇ. ಆದರೆ ಒಂದರಲ್ಲಿ ತೊಗರಿಬೇಳೆ ಅರಳಿ ಬೇಯುತ್ತದೆ. ಇನ್ನೊಂದರಲ್ಲಿ ಎಷ್ಟು ಹೊತ್ತು ಕುದಿಸಿದರೂ ಬೇಳೆ ಬೇಳೆಯಾಗಿಯೇ ಉಳಿದು ಗೃಹಿಣಿಯ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಒಂದರಿಂದ ಕಾಸಿದ ಪಾತ್ರೆ ಹೊಳೆಯುತ್ತದೆ. ಇನ್ನೊಂದರಿಂದ ಕಾಸಿದ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುತ್ತದೆ. ಈ ಹಕ್ಕಳೆಯನ್ನು ಕಂಡು ಅಂಜದ ಸಂಸಾರಸ್ಥರು ವಿರಳ. ಆ ಅಂಜಿಕೆಗೆ ನಿಜವಾದ ಕಾರಣವಿದೆಯೇ ಎಂಬುದು ವಿಚಾರ ಮಾಡಬೇಕಾದ ಸಂಗತಿ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತ ಈ ನಗರಕ್ಕೆ ಒಡಲಲ್ಲಿ ಹರಿಯುವ ದೊಡ್ಡ ಹೊಳೆಯಿಲ್ಲ. ಕೆರೆ ಬಾವಿಗಳನ್ನು ನಂಬಿದ್ದ ಊರಿಗೆ 1896ರಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. 1974ರಲ್ಲಿ ಕಾವೇರಿಯೇ ಏರಿ ಬಂದಳು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಮೇಲಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಸಲ ಯಂತ್ರಗಳು ಎತ್ತಿದ ಮೇಲೆ ನಲ್ಲಿಗೆ ಇಳಿಯುವ ನೀರು ಅದು. ಊರು ಮಾತ್ರ ಕೊಳವೆಗಾಗಿ ಕಾಯಲಿಲ್ಲ. 2007ರಲ್ಲಿ ಸುತ್ತಲಿನ 110 ಹಳ್ಳಿಗಳು ಮಹಾನಗರಪಾಲಿಕೆಯ ಎಲ್ಲೆಯೊಳಗೆ ಸೇರಿದವು. ಅವುಗಳಿಗಾಗಿ ಯೋಜಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ವರ್ಷಗಳನ್ನು ಆ ಬಡಾವಣೆಗಳು ಕೊಳವೆಬಾವಿಗಳ ಮೇಲೆಯೇ ಕಳೆದವು.

ಎರಡು ನೀರಿಗೂ ಮೂಲ ಮಳೆಯೇ. ಮಳೆಹನಿಯಲ್ಲಿ ಗಡಸಿಲ್ಲ. ನೆಲಕ್ಕಿಳಿಯುವಾಗ ಅದು ಮಣ್ಣಿನಲ್ಲಿರುವ ಇಂಗಾಲಾಮ್ಲವನ್ನು ಹೀರಿಕೊಂಡು ಕೊಂಚ ಹುಳಿಯಾಗುತ್ತದೆ. ಆ ಹುಳಿಗೆ ಕಲ್ಲು ಕರಗುತ್ತದೆ. ಲಾಲ್‌ಬಾಗಿನ ಗುಡ್ಡವನ್ನು ಏರಿದವರು ಕಾಲಿಟ್ಟದ್ದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆಯ ಮೇಲೆ. ಬೆಂಗಳೂರಿನ ಬಹುಭಾಗ ನಿಂತಿರುವುದು ಅಂಥ ಬಂಡೆಯ ಮೇಲೆಯೇ. ನೂರಾರು ಅಡಿ ಆಳದ ಬಿರುಕುಗಳಲ್ಲಿ ವರ್ಷಗಟ್ಟಲೆ ತಂಗಿದ ನೀರು ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳನ್ನು ತುಂಬಿಕೊಂಡು ಬರುತ್ತದೆ. ನದಿಯ ನೀರಿಗೆ ಅಷ್ಟು ವ್ಯವಧಾನವೆಲ್ಲಿ? ಬೆಟ್ಟದಿಂದ ಇಳಿದು ಓಡುವುದೇ ಅದರ ಕೆಲಸ.

ಗಡಸನ್ನು ಅಳೆಯುವುದು ಲೀಟರಿಗೆ ಇಂತಿಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಲೆಕ್ಕದಲ್ಲಿ. ಕುಡಿಯುವ ನೀರಿನ ಭಾರತೀಯ ಮಾನಕವು 200ರ ವರೆಗಿನ ಗಡಸನ್ನು ಒಪ್ಪುತ್ತದೆ. ಬೇರೆ ನೀರೇ ಸಿಗದಿದ್ದರೆ 600ರ ವರೆಗೂ ಸಹಿಸಬಹುದೆನ್ನುತ್ತದೆ. ಕಾವೇರಿಯ ನೀರು ಸಾಮಾನ್ಯವಾಗಿ ಮೊದಲ ಮಿತಿಯೊಳಗೇ ನಿಲ್ಲುತ್ತದೆ. ಕೊಳವೆಬಾವಿಗಳಲ್ಲಿ ಮುನ್ನೂರು ನಾನ್ನೂರು ಅಪರೂಪವಲ್ಲ.

ಈ ಅಂಕಿಗಳು ಮನೆಯ ಖರ್ಚಿನಲ್ಲಿ ಹೇಗೆ ಕಾಣಿಸಿಕೊಳ್ಳುತ್ತವೆಂಬುದಕ್ಕೆ ಸಾಬೂನೇ ಸಾಕ್ಷಿ. ಗಡಸು ನೀರಿನಲ್ಲಿ ಸಾಬೂನು ಮೊದಲು ನೊರೆಯಾಗದೆ, ಕ್ಯಾಲ್ಸಿಯಂನೊಡನೆ ಕೂಡಿ ಮೊಸರಿನಂತೆ ಒಡೆಯುತ್ತದೆ. ಬಕೇಟಿನ ಅಂಚಿಗೆ ಅಂಟುವ ಬೂದುಬಣ್ಣದ ಜಿಡ್ಡು ಅದೇ. 400ರ ಗಡಸುಳ್ಳ ಇಪ್ಪತ್ತು ಲೀಟರ್ ನೀರಿನಲ್ಲಿ ನೊರೆ ಏಳುವ ಮುನ್ನವೇ ಸುಮಾರು ಐವತ್ತು ಗ್ರಾಂ ಸಾಬೂನು ಹೀಗೆ ಹಾಳಾಗುತ್ತದೆ. ನೂರರ ಗಡಸಿನ ನೀರಾದರೆ ಹನ್ನೆರಡು ಗ್ರಾಂ ಸಾಕು. ನಮ್ಮ ಅಜ್ಜಿಯರ ಸೀಗೆಕಾಯಿಗೂ ಅಂಟುವಾಳಕ್ಕೂ ಈ ಕಾಟವಿರಲಿಲ್ಲ. ಅವುಗಳ ನೊರೆ ಬೇರೆ ಜಾತಿಯದು, ಕ್ಯಾಲ್ಸಿಯಂ ಕಂಡು ಒಡೆಯುವುದಿಲ್ಲ. ಬೇಳೆ ಬೇಯದಿರುವುದಕ್ಕೂ ಕಾರಣ ಕ್ಯಾಲ್ಸಿಯಮ್ಮೇ. ಕಾಳಿನ ಕಣಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟನ್ನು ಅದು ಇನ್ನಷ್ಟು ಬಿಗಿಮಾಡುತ್ತದೆ. ಚಿಟಿಕೆ ಅಡುಗೆ ಸೋಡ ಹಾಕಿದರೆ ಬೇಳೆ ಬೇಯುವುದೇನೋ ನಿಜ. ಆದರೆ ಅದರಲ್ಲಿರುವ ಬಿ-1 ಜೀವಸತ್ವ ನಷ್ಟವಾಗುತ್ತದೆ. ಗೀಜರಿನ ಕಂಬಿಗೆ ಸುಣ್ಣದ ಕವಚ ಬಿದ್ದರೆ ವಿದ್ಯುತ್ತು ಹೆಚ್ಚು ಸುಡುತ್ತದೆ; ಕಡೆಗೊಂದು ದಿನ ಕಂಬಿಯೇ ಸುಟ್ಟುಹೋಗುತ್ತದೆ.

ಇಷ್ಟೆಲ್ಲ ಉಪದ್ರವ ಮಾಡುವ ನೀರು ಹೊಟ್ಟೆಯಲ್ಲಿ ಇನ್ನೇನು ಮಾಡೀತೋ ಎಂಬ ದಿಗಿಲು ಸಹಜ. ಪಾತ್ರೆಯಲ್ಲಿ ಕಟ್ಟಿದ ಕಲ್ಲು ಮೂತ್ರಪಿಂಡದಲ್ಲಿಯೂ ಕಟ್ಟುತ್ತದೆಂದು ನೆರೆಮನೆಯವರು ಹೇಳುತ್ತಾರೆ. ಆದರೆ ಗಡಸಿನ ಬಗ್ಗೆ ಆರೋಗ್ಯದ ದೃಷ್ಟಿಯಿಂದ ಮಿತಿ ಗೊತ್ತುಮಾಡುವ ಅಗತ್ಯವನ್ನು ವಿಶ್ವ ಆರೋಗ್ಯ ಸಂಸ್ಥೆ ಕಂಡಿಲ್ಲ. ಮೂತ್ರಪಿಂಡದ ಹರಳುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟಿನವು. ಅವಕ್ಕೆ ಕಡಿಮೆ ನೀರು ಕುಡಿಯುವುದೇ ದೊಡ್ಡ ಪೋಷಣೆ. ಒಮ್ಮೆ ಹರಳು ಕಾಣಿಸಿಕೊಂಡವರು ವೈದ್ಯರ ಮಾತು ಕೇಳಬೇಕು. ಉಳಿದವರಿಗೆ ಗಡಸು ನೀರಿನ ಕ್ಯಾಲ್ಸಿಯಂ ಮೆಗ್ನೀಷಿಯಂಗಳು ಆಹಾರದ ಭಾಗವೇ.

ಈ ದಿಗಿಲನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರಿಗಳುಂಟು. ಯಂತ್ರ ಮಾರಲು ಬಂದವನು ಎರಡು ಲೋಟಗಳನ್ನು ಮೇಜಿನ ಮೇಲಿಡುತ್ತಾನೆ. ಒಂದರಲ್ಲಿ ನಲ್ಲಿಯ ನೀರು, ಇನ್ನೊಂದರಲ್ಲಿ ತನ್ನ ಯಂತ್ರದ ನೀರು. ಲೋಹದ ಕಡ್ಡಿಗಳನ್ನು ಅದ್ದಿ ವಿದ್ಯುತ್ತು ಹರಿಸುತ್ತಾನೆ. ನಿಮಿಷದೊಳಗೆ ನಲ್ಲಿಯ ನೀರು ಕಂದುಬಣ್ಣಕ್ಕೆ ತಿರುಗಿ ಕೆಸರಾಗುತ್ತದೆ, ಮನೆಯವರು ಬೆಚ್ಚಿಬೀಳುತ್ತಾರೆ. ವಾಸ್ತವದಲ್ಲಿ ಆ ಕೆಸರು ನೀರಿನಲ್ಲಿ ಇದ್ದುದಲ್ಲ. ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾದದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ತು ಹರಿಯುತ್ತದೆ, ಲವಣ ತೆಗೆದ ನೀರಿನಲ್ಲಿ ಹರಿಯುವುದಿಲ್ಲ, ಗುಟ್ಟು ಅಷ್ಟೇ. ಅವನ ಲೋಟಕ್ಕೂ ಚಿಟಿಕೆ ಉಪ್ಪು ಹಾಕಿ ನೋಡಿದರೆ ಅದೇ ಕೆಸರು ಏಳುತ್ತದೆ. ಅವನ ಕಿಸೆಯಲ್ಲಿರುವ ಪೆನ್ನಿನಂಥ ಮಾಪಕವೂ ಲವಣಗಳ ಒಟ್ಟು ಅಂದಾಜನ್ನು ತೋರಿಸುತ್ತದೆಯೇ ಹೊರತು ರೋಗಾಣುವನ್ನು ತೋರಿಸಲಾರದು.

ನಿಜವಾಗಿ ಅಂಜಬೇಕಾದ ವಸ್ತುವಿಗೆ ಬಣ್ಣವಿಲ್ಲ, ರುಚಿಯಿಲ್ಲ, ಹಕ್ಕಳೆಯೂ ಇಲ್ಲ. ಒಳಚರಂಡಿ ಇಲ್ಲದ ಬಡಾವಣೆಗಳಲ್ಲಿ ಶೌಚಗುಂಡಿಗಳಿಂದ ಇಂಗಿದ ಕಲ್ಮಶ ಬಂಡೆಯ ಬಿರುಕು ಹಿಡಿದು ಕೊಳವೆಬಾವಿಗೆ ಇಳಿಯುತ್ತದೆ. ಅದರ ಗುರುತು ನೈಟ್ರೇಟ್. ಮಾನಕದಲ್ಲಿ ಅದಕ್ಕೆ ಲೀಟರಿಗೆ 45 ಮಿಲಿಗ್ರಾಂ ಎಂಬ ಒಂದೇ ಮಿತಿ. ಗಡಸಿಗಿರುವ ರಿಯಾಯಿತಿ ಇದಕ್ಕಿಲ್ಲ. ಬೆಂಗಳೂರಿನ ಅಂತರ್ಜಲದ ಪರೀಕ್ಷೆಗಳಲ್ಲಿ ಹಲವೆಡೆ ಈ ಮಿತಿ ದಾಟಿರುವುದು ಕಂಡುಬಂದಿದೆ. ದೊಡ್ಡವರು ಇದನ್ನು ತಾಳಿಕೊಂಡಾರು. ಆರು ತಿಂಗಳೊಳಗಿನ, ಸೀಸೆಯ ಹಾಲು ಕುಡಿಯುವ ಕೂಸಿನ ಮಾತು ಬೇರೆ. ಅದರ ದೇಹದಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ, ರಕ್ತಕ್ಕೆ ಪ್ರಾಣವಾಯುವನ್ನು ಹೊರುವ ಶಕ್ತಿ ಕುಂದಿ, ಮಗು ನೀಲಿಗಟ್ಟುವ ಅಪಾಯವಿದೆ. ತಾಯಿ ನೀರನ್ನು ಚೆನ್ನಾಗಿ ಕುದಿಸಿಯೇ ಹಾಲಿನ ಪುಡಿ ಕಲಸಿರುತ್ತಾಳೆ. ಕುದಿಸಿದರೆ ರೋಗಾಣು ಸಾಯುತ್ತದೆ, ಗಡಸಿನ ಒಂದು ಭಾಗ ತಳಕ್ಕೆ ಇಳಿಯುತ್ತದೆ. ನೈಟ್ರೇಟ್ ಮಾತ್ರ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಬೋರಿನ ನೀರನ್ನೇ ನಂಬಿದ ಮನೆಯಲ್ಲಿ ಎಳೆಗೂಸಿದ್ದರೆ ಪ್ರಯೋಗಾಲಯದಲ್ಲಿ ಗಡಸಿನ ಜೊತೆಗೆ ನೈಟ್ರೇಟನ್ನೂ ಕೋಲಿಫಾರಂ ಜೀವಾಣುಗಳನ್ನೂ ಪರೀಕ್ಷಿಸುವಂತೆ ಕೇಳಬೇಕು.

ಯಂತ್ರಗಳೆಲ್ಲ ವ್ಯರ್ಥವೆಂದಲ್ಲ. ನೀರನ್ನು ಪೊರೆಯ ಮೂಲಕ ಒತ್ತಿ ಸೋಸುವ ಆರ್‌ಓ ಯಂತ್ರ ನೈಟ್ರೇಟನ್ನೂ ಬಹುಮಟ್ಟಿಗೆ ತಡೆಯುತ್ತದೆ. ಆದರೆ ಅದು ಒಂದು ಲೀಟರ್ ಕೊಡಲು ಎರಡು ಮೂರು ಲೀಟರನ್ನು ಮೋರಿಗೆ ಕಳಿಸುವುದು ಸಾಮಾನ್ಯ. ಲವಣಾಂಶ 500 ಮಿಲಿಗ್ರಾಂಗಿಂತ ಕಡಿಮೆಯಿರುವ ಕಡೆ ಇದನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2019ರಲ್ಲಿ ಸೂಚಿಸಿದ್ದು ಅದಕ್ಕಾಗಿಯೇ. ಕಾವೇರಿ ನೀರಿಗೆ ಈ ಯಂತ್ರ ಜೋಡಿಸುವುದು ನೂರು ಕಿಲೋಮೀಟರ್ ಹೊತ್ತು ತಂದ ನೀರಿಗೆ ಮಾಡುವ ಅಪಚಾರ. ಉಪ್ಪಿನಿಂದ ಕೆಲಸ ಮಾಡುವ ಗಡಸುನಿವಾರಕ ಸ್ನಾನಕ್ಕೂ ಬಟ್ಟೆಗೂ ಉತ್ತಮ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುವುದರಿಂದ ರಕ್ತದೊತ್ತಡವುಳ್ಳವರು ಆ ನೀರನ್ನು ಕುಡಿಯದಿರುವುದು ಲೇಸು.

2024ರ ಬೇಸಿಗೆಯಲ್ಲಿ ನಗರದ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿದವೆಂದು ಸರ್ಕಾರವೇ ತಿಳಿಸಿತು. ಆಗ ಟ್ಯಾಂಕರಿನವನು ತಂದು ಸಂಪಿಗೆ ಸುರಿದ ನೀರು ಯಾವ ಊರಿನದೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅದೇ ಮನೆಗಳ ಮಾಡಿನ ಮೇಲೆ ಬೀಳುವ ಮಳೆಯ ಲೆಕ್ಕ ಸ್ವಾರಸ್ಯವಾಗಿದೆ. ಸಾವಿರ ಚದರಡಿಯ ಮಾಡಿಗೆ ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 90 ಸಾವಿರ ಲೀಟರ್ ಸುರಿಯುತ್ತದೆ. ಅದರಲ್ಲಿ ಗಡಸು ಇಲ್ಲವೆನ್ನುವಷ್ಟು ಕಡಿಮೆ. ಮಳೆನೀರು ಹಿಡಿಯುವುದನ್ನು 2009ರಲ್ಲಿ ಕಾನೂನು ಕಡ್ಡಾಯಮಾಡಿತು. ಹೇಗೆಂದು ಕಣ್ಣಾರೆ ನೋಡಬೇಕಾದವರಿಗೆ ಜಯನಗರದಲ್ಲಿ ಜಲಮಂಡಳಿಯ ಪ್ರದರ್ಶನವನವೇ ಇದೆ. ಮೊದಲ ಮಳೆ ಧೂಳನ್ನೂ ಹಕ್ಕಿಗಳ ಹಿಕ್ಕೆಯನ್ನೂ ಕೊಚ್ಚಿ ತರುವುದರಿಂದ ಅದನ್ನು ಹೊರಗೆ ಬಿಟ್ಟು, ಅನಂತರದ್ದನ್ನು ಸೋಸಿ ಸಂಪಿಗೆ ಇಳಿಸಬೇಕು. ಕುಡಿಯುವುದಾದರೆ ಕುದಿಸಲೇ ಬೇಕು. 400ರ ಗಡಸಿನ ಬೋರು ನೀರಿಗೆ ಅಷ್ಟೇ ಮಳೆನೀರು ಬೆರೆತರೆ ಗಡಸು 200ಕ್ಕೆ ಇಳಿಯುತ್ತದೆ. ಆ ನೀರಿನಲ್ಲಿ ತೊಗರಿಬೇಳೆಯೂ ಬೇಯುತ್ತದೆ.