ಸ್ಕೌಟ್ ಸಮವಸ್ತ್ರ ಮತ್ತು ಶಿಬಿರದ ಸಲಕರಣೆ



ಸ್ವಾತಂತ್ರ್ಯ ದಿನದ ಪಥಸಂಚಲನದಲ್ಲಿ ಬೂದುಬಣ್ಣದ ಅಂಗಿ, ಕಡುನೀಲಿ ಚಡ್ಡಿ ಅಥವಾ ಪ್ಯಾಂಟು ತೊಟ್ಟು, ಕೊರಳಿಗೆ ಸ್ಕಾರ್ಫ್ ಧರಿಸಿ ಸಾಗುವ ಸ್ಕೌಟ್‌ಗಳನ್ನು ನೀವು ನೋಡಿರುತ್ತೀರಿ. ಆದರೆ ಈ ಉಡುಪು ಹುಟ್ಟಿದ್ದು ಮೆರವಣಿಗೆಗಾಗಿ ಅಲ್ಲ, ಶಿಬಿರಕ್ಕಾಗಿ.

1907ರ ಆಗಸ್ಟ್ ತಿಂಗಳಲ್ಲಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಬಾಲಕರ ಶಿಬಿರವನ್ನು ನಡೆಸಿದರು. ಅವರಲ್ಲಿ ಸಿರಿವಂತರ ಮಕ್ಕಳೂ ಇದ್ದರು, ಕಾರ್ಮಿಕರ ಮಕ್ಕಳೂ ಇದ್ದರು. ಅಂದು ಸಮವಸ್ತ್ರದ ಅಂಗಿ ಇರಲಿಲ್ಲ. ಖಾಕಿ ಸ್ಕಾರ್ಫ್ ಮಾತ್ರ ಇತ್ತು. ಒಂದೇ ಬಗೆಯ ಉಡುಪಿನಲ್ಲಿ ಬಡವ ಬಲ್ಲಿದರೆಂಬ ಭೇದ ಕಾಣಬಾರದೆಂಬುದು ಮುಂದೆ ಸಮವಸ್ತ್ರದ ತತ್ತ್ವವಾಯಿತು. 1909ರಲ್ಲಿ ಭಾರತದಲ್ಲಿ ಸ್ಕೌಟಿಂಗ್ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲೇ.

ಸ್ಕಾರ್ಫ್ ಏಕೆ?

ಸ್ಕಾರ್ಫ್ ತ್ರಿಕೋನಾಕಾರದಲ್ಲಿರುವುದು ಅಂದಕ್ಕಾಗಿ ಅಲ್ಲ. ಬಿಚ್ಚಿದರೆ ಅದೇ ಪ್ರಥಮ ಚಿಕಿತ್ಸೆಯ ಪಟ್ಟಿ. ಗೆಳೆಯನ ಕೈಗೆ ಪೆಟ್ಟಾಗಿದೆ ಎನ್ನೋಣ. ಸ್ಕಾರ್ಫಿನ ಒಂದು ತುದಿ ಪೆಟ್ಟಾಗದ ಭುಜದ ಮೇಲಿರಲಿ, ನಡುವಿನ ಮೂಲೆ ಪೆಟ್ಟಾದ ಕೈಯ ಮೊಣಕೈ ಕಡೆಗಿರಲಿ. ಮುಂಗೈಯನ್ನು ಎದೆಗೆ ಅಡ್ಡಲಾಗಿ ಇರಿಸಿ, ಕೆಳಗಿನ ತುದಿಯನ್ನು ಮೇಲಕ್ಕೆತ್ತಿ, ಪೆಟ್ಟಾದ ಕಡೆಯ ಭುಜದ ಬಳಿ ರೀಫ್ ಗಂಟು ಹಾಕಿ: ಮೊದಲು ಬಲತುದಿ ಎಡತುದಿಯ ಮೇಲೆ, ಬಳಿಕ ಎಡತುದಿ ಬಲತುದಿಯ ಮೇಲೆ. ಈ ಗಂಟು ಚಪ್ಪಟೆಯಾಗಿರುವುದರಿಂದ ಚರ್ಮಕ್ಕೆ ಒತ್ತುವುದಿಲ್ಲ, ಬಿಚ್ಚುವುದೂ ಸುಲಭ. ಆಮೇಲೆ ವೈದ್ಯರ ಬಳಿ ಕರೆದೊಯ್ಯಬೇಕು.

ಸ್ಕೌಟ್ ಕೋಲೂ ಹೀಗೆಯೇ. ಅಳತೆಯ ಗುರುತುಗಳಿರುವ ಕೋಲಿನಿಂದ ಹಳ್ಳದ ಆಳವನ್ನು ತಿಳಿಯಬಹುದು. ಗುಂಡಿ ಹಾಕಿದ ಎರಡು ಗಟ್ಟಿ ಅಂಗಿಗಳಲ್ಲಿ ಎರಡು ಕೋಲುಗಳನ್ನು ತೂರಿಸಿದರೆ ಗಾಯಾಳುವನ್ನು ಹೊರುವ ಡೋಲಿ ಸಿದ್ಧವಾಗುತ್ತದೆ.

ಡೇರೆ ಮತ್ತು ಬೆನ್ನುಚೀಲ

ಡೇರೆಗೆ ಸ್ವಲ್ಪ ಎತ್ತರದ ನೆಲ ಬೇಕು. ಒಣಗಿದ ಹಳ್ಳದಲ್ಲಿ ಹಾಕಿದರೆ ರಾತ್ರಿ ಮಳೆ ಬಂದಾಗ ಪ್ರಾಣಕ್ಕೇ ಅಪಾಯ. ಒಣಕೊಂಬೆಗಳಿರುವ ಮರದ ಕೆಳಗೂ ಬೇಡ. ಹತ್ತಿಯ ಹಗ್ಗ ನೆನೆದರೆ ಕುಗ್ಗಿ ಬಿಗಿಯಾಗುತ್ತದೆ, ಗೂಟವನ್ನೇ ಕಿತ್ತೀತು. ಆದ್ದರಿಂದ ಮಲಗುವ ಮುನ್ನ ಹಗ್ಗವನ್ನು ತುಸು ಸಡಿಲಿಸಬೇಕು. ನೈಲಾನ್ ಹಗ್ಗ ಇದಕ್ಕೆ ವಿರುದ್ಧ. ನೆನೆದಾಗ ಅದೇ ಸಡಿಲಾಗುತ್ತದೆ. ಮಲಗುವಾಗ ತಣ್ಣನೆಯ ನೆಲ ಮೈಯ ಶಾಖವನ್ನು ಹೀರುತ್ತದೆ. ಹಾಗಾಗಿ ಹೊದೆಯುವುದಕ್ಕಿಂತ ಹಾಸುವುದಕ್ಕೆ ಹೆಚ್ಚು ಗಮನ ಕೊಡಿ: ಕೆಳಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಚಾಪೆ, ಅದರ ಮೇಲೆ ಕಂಬಳಿ.

ಬೆನ್ನುಚೀಲದ ಭಾರ ನಿಮ್ಮ ತೂಕದ ಐದನೇ ಒಂದು ಭಾಗವನ್ನು ಮೀರದಿರಲಿ. ಭಾರದ ವಸ್ತುಗಳು ಬೆನ್ನಿಗೆ ಹತ್ತಿರವಿರಲಿ. ಟಾರ್ಚ್, ನೀರು ಮತ್ತು ಪ್ರಥಮ ಚಿಕಿತ್ಸೆಯ ಡಬ್ಬಿ ಕೈಗೆ ತಕ್ಷಣ ಸಿಗುವಂತಿರಲಿ.

ಇವೆಲ್ಲವನ್ನೂ ಅಂಗಡಿಯಿಂದಲೇ ತರಬೇಕೆಂದಿಲ್ಲ. ಮನೆಯ ಕಂಬಳಿ, ತಟ್ಟೆ, ಲೋಟ ಸಾಕು. ಡೇರೆ, ಅಡುಗೆ ಪಾತ್ರೆಗಳನ್ನು ದಳವೇ ಸಾಮೂಹಿಕವಾಗಿ ಇಟ್ಟುಕೊಳ್ಳಬಹುದು. ಭೇದ ಅಳಿಸಲೆಂದು ಬಂದ ಉಡುಪಿನ ಖರ್ಚಿಗೆ ಹೆದರಿ ಒಬ್ಬ ವಿದ್ಯಾರ್ಥಿಯೂ ಹೊರಗುಳಿಯುವಂತಾಗಬಾರದು.

‘ಸಿದ್ಧರಾಗಿರಿ’ ಎಂಬುದು ಸ್ಕೌಟ್‌ಗಳ ಧ್ಯೇಯವಾಕ್ಯ. ಇಸ್ತ್ರಿ ಮಾಡಿದ ಸ್ಕಾರ್ಫ್ ಕೊರಳಲ್ಲಿದ್ದೂ ಅದನ್ನು ಪಟ್ಟಿಯಾಗಿ ಕಟ್ಟಲು ಬಾರದಿದ್ದರೆ, ಅಪಘಾತದ ಹೊತ್ತಿನಲ್ಲಿ ಅದರಿಂದ ಏನು ಪ್ರಯೋಜನ? ಇಂದು ಸಂಜೆಯೇ ಗೆಳೆಯನೊಬ್ಬನ ಕೈಗೆ ಕಟ್ಟಿ ಅಭ್ಯಾಸ ಮಾಡಿ.