ಸೋತವರಿಗೇ ಮೊದಲ ಸರದಿ ಕೊಟ್ರೆ ಏನಾಗುತ್ತೆ?

ಪುಣೆಯ ನಮ್ಮ ಸೊಸೈಟಿಯಲ್ಲಿ ಆರು ಟೀಮಿನ ಕ್ರಿಕೆಟ್ ಲೀಗ್ ಇದೆ. ಕೊನೇ ಸ್ಥಾನಕ್ಕೆ ಬಂದವರಿಗೆ ಮುಂದಿನ ವರ್ಷ ಆಟಗಾರರನ್ನು ಆರಿಸೋಕೆ ಮೊದಲ ಸರದಿ. ಹೋದ ಸಲ ಒಂದು ಟೀಮು ಗೆಲ್ಲೋ ಮ್ಯಾಚನ್ನ ಬೇಕಂತಲೇ ಬಿಟ್ಟುಕೊಡ್ತು. ಹೊಸದಾಗಿ ಬಂದಿದ್ದ ಎಡಗೈ ಬೌಲರ್ ಮೇಲೆ ಅವರ ಕಣ್ಣು! ಜಗಳ ಆಯ್ತು. ನಿಯಮ ಬದಲಿಸೋ ಕೆಲಸ ನನ್ನ ತಲೆಗೆ ಬಂತು, "ನೀನು ಎಂಟೆಕ್ ಅಲ್ವಾ" ಅಂತ.

ಡ್ರಾಫ್ಟ್ ಅಂದ್ರೆ ಹರಾಜಲ್ಲ, ದುಡ್ಡಿನ ಪೈಪೋಟಿ ಇರಲ್ಲ, ಸರದಿ ಪ್ರಕಾರ ಆರಿಸೋದು. 2008ರಲ್ಲಿ ಐಪಿಎಲ್ ಕೂಡ ಅಂಡರ್-19 ಹುಡುಗರಿಗೆ ಹೀಗೇ ಮಾಡಿತ್ತು. ದೆಹಲಿ ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿತು, ಕೊಹ್ಲಿ ಆರ್‌ಸಿಬಿಗೆ ಬಂದ. ಒಂದು ಸರದಿಯ ಬೆಲೆ ಎಷ್ಟು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಈ ತಲೆನೋವು ಹೆಚ್ಚು ಅನುಭವಿಸಿದ್ದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ. 1984ರವರೆಗೆ ಎರಡು ವಿಭಾಗಗಳ ಕೊನೇ ಟೀಮುಗಳ ನಡುವೆ ನಾಣ್ಯ ಚಿಮ್ಮಿಸುತ್ತಿದ್ದರು. ಬೇಕಂತ ಸೋಲ್ತಾರೆ ಅನ್ನೋ ಗುಮಾನಿ ಜಾಸ್ತಿಯಾಗಿ 1985ರಲ್ಲಿ ಲಾಟರಿ ತಂದರು. ಪ್ಲೇಆಫ್ ತಲುಪದ ಏಳು ಟೀಮಿಗೂ ಸಮ ಅವಕಾಶ. 1990ರಲ್ಲಿ ದುರ್ಬಲರಿಗೆ ಹೆಚ್ಚು ತೂಕ ಕೊಟ್ಟರು: ಒಟ್ಟು 66 ಪಾಲಿನಲ್ಲಿ ಕೊನೆಯವರಿಗೆ 11, ಪಟ್ಟಿಯಲ್ಲಿ ಮೇಲಿದ್ದವರಿಗೆ 1. ಆದರೆ 1993ರಲ್ಲಿ 41 ಗೆದ್ದು 41 ಸೋತಿದ್ದ ಒರ್ಲಾಂಡೊ ಆ ಒಂದೇ ಪಾಲಿನಲ್ಲಿ ಮೊದಲ ಸ್ಥಾನ ಹೊಡೀತು. ಗಲಾಟೆ! ಮುಂದಿನ ವರ್ಷದಿಂದ ಕೊನೇ ಟೀಮಿಗೆ ಶೇ. 25 ಮಾಡಿದರು.

ಲೆಕ್ಕ ಚಂದ ಇದೆ. 14 ಚೆಂಡು, ಅದರಲ್ಲಿ 4 ತೆಗೆಯೋದು, ಕ್ರಮ ಲೆಕ್ಕಕ್ಕಿಲ್ಲ. ಒಟ್ಟು 1001 ಜೋಡಣೆ. ಒಂದನ್ನು ಬಿಟ್ಟು ಉಳಿದ 1000 ಹಂಚೋದು, ಕೊನೇ ಟೀಮಿಗೆ 250. ಆದರೆ ಶೇ. 25 ಅಂದ್ರೆ ಸೋಲೋಕೆ ಒಳ್ಳೇ ಸಂಬಳ ಕೊಟ್ಟಂಗೆ. ಫಿಲಡೆಲ್ಫಿಯಾ ವರ್ಷಗಟ್ಟಲೆ ಇದನ್ನೇ ಯೋಜನೆ ಮಾಡ್ಕೊಂಡು, 2015-16ರಲ್ಲಿ 82 ಪಂದ್ಯಕ್ಕೆ ಬರೀ 10 ಗೆದ್ದಿತು. ಅದಕ್ಕೇ 2019ರಲ್ಲಿ ಕೊನೇ ಮೂರು ಟೀಮಿಗೂ ತಲಾ ಶೇ. 14 ಅಂತಾಯ್ತು. ಇದರ ಬೆಲೆ ತೆತ್ತವರು ನಿಜವಾಗಿಯೂ ದುರ್ಬಲರು: 14 ಪಂದ್ಯ ಮಾತ್ರ ಗೆದ್ದ ಡೆಟ್ರಾಯಿಟ್‌ಗೆ 2024ರಲ್ಲಿ ಸಿಕ್ಕಿದ್ದು ಐದನೇ ಸರದಿ. 2025ರಲ್ಲಿ ಶೇ. 1.8 ಅವಕಾಶವಿದ್ದ ಡಲ್ಲಾಸ್‌ಗೆ ಮೊದಲನೇದು!

ಗಂಟು ಇರೋದು ಇಲ್ಲಿ. ಯಾರು ದುರ್ಬಲರು ಅಂತ ಅಳೆಯೋಕೂ ಸೋಲು, ಬಹುಮಾನಕ್ಕೂ ಸೋಲು. ಮುಚ್ಚಿದ ಟಿಕೆಟ್ ಎಣಿಸಿ ರೇಟಿಂಗ್ ಕೊಟ್ರೆ ಆಫೀಸಲ್ಲಿ ಏನಾಗುತ್ತೆ, ನೋಡಿದೀವಲ್ಲ. ತೂಕ ಎಷ್ಟು ಹೆಚ್ಚು-ಕಮ್ಮಿ ಮಾಡಿದ್ರೂ ಅದು ಬರೀ ಟ್ಯೂನಿಂಗ್.

ನನಗೆ ಹಿಡಿಸಿದ್ದು ಉತ್ತರ ಅಮೆರಿಕದ ಮಹಿಳಾ ಐಸ್ ಹಾಕಿ ಲೀಗ್ ಪಿಡಬ್ಲ್ಯುಎಚ್‌ಎಲ್ ಬಳಸೋ 'ಗೋಲ್ಡ್ ಪ್ಲಾನ್'. ಪ್ಲೇಆಫ್ ಆಸೆ ಲೆಕ್ಕದಲ್ಲಿ ಮುಗಿದ ಮೇಲೆ ಗಳಿಸಿದ ಪಾಯಿಂಟ್ ಎಣಿಸ್ತಾರೆ. ಹೆಚ್ಚು ಗಳಿಸಿದವರಿಗೆ ಮೊದಲ ಸರದಿ. ದುರ್ಬಲರು ಬೇಗ ಹೊರಬೀಳ್ತಾರೆ, ಹಾಗಾಗಿ ಅವರಿಗೆ ಪಾಯಿಂಟ್ ಗಳಿಸೋಕೆ ಹೆಚ್ಚು ಪಂದ್ಯ ಸಿಗುತ್ತೆ. ಆದರೆ ಗೆಲ್ಲಲೇಬೇಕು.

ಬೇಸರ ಏನಂದ್ರೆ ನಮ್ಮ ಲೀಗಲ್ಲಿ ಒಬ್ಬೊಬ್ಬರಿಗೆ ಐದೇ ಮ್ಯಾಚು. ಹೊರಬಿದ್ದ ಮೇಲೆ ಉಳಿಯೋದು ಒಂದೋ, ಸೊನ್ನೆಯೋ. ಅದಕ್ಕೆ ಫೈನಲ್ ತಲುಪದ ನಾಲ್ಕೂ ಟೀಮಿನ ಚೀಟಿ ಡಬ್ಬಿಗೆ ಹಾಕೋಣ, 1985ರ ಥರ ಸಮ ಪಾಲು ಅಂದಿದೀನಿ. ನಾಲ್ಕರಲ್ಲೊಂದು ಚೀಟಿಗೋಸ್ಕರ ಫೈನಲ್ ಬಿಡೋರು ಯಾರೂ ಇಲ್ಲ. ಕೊನೇ ಟೀಮಿಗೆ ಸ್ವಲ್ಪ ಅನ್ಯಾಯ ಆಗುತ್ತೆ, ಒಪ್ಪಿದೆ. ಭಾನುವಾರದ ಮೀಟಿಂಗಲ್ಲಿ ಅವರದೇ ವಿರೋಧ ಇರುತ್ತೆ.