ಕಜ್ಜಿ ಹಿಡಿದ ಬೀದಿ ನಾಯಿ: ಓಡಿಸುವ ಮೊದಲು ತಿಳಿಯಬೇಕಾದದ್ದು

ಪುಣೆ, ಹೈದರಾಬಾದಿನಿಂದ ತುಂಬಾ ಜನ ಕೇಳಿದ್ದ ಪ್ರಶ್ನೆ ಇದು: "ಸೊಸೈಟಿ ಗೇಟ್ ಹತ್ತಿರ ಒಂದು ನಾಯಿ ಇದೆ, ಮೈಮೇಲೆ ಕೂದಲೇ ಇಲ್ಲ, ಕೆರೆದು ಕೆರೆದು ರಕ್ತ ಬರ್ತಿದೆ, ಏನು ಮಾಡೋದು?" ವಾಟ್ಸಾಪ್ ಗ್ರೂಪಿನಲ್ಲಂತೂ ಹತ್ತು ನಿಮಿಷದಲ್ಲಿ ತೀರ್ಪು ಬಂದುಬಿಡುತ್ತೆ, "ಹುಚ್ಚು ಹಿಡಿದಿದೆ, ಓಡಿಸಿ" ಅಂತ.

ಕೂದಲು ಉದುರೋದು ಹುಚ್ಚಿನ ಲಕ್ಷಣ ಅಲ್ಲ. ಕಿವಿಯ ಅಂಚು, ಮೊಣಕೈ, ಹೊಟ್ಟೆ, ಇಲ್ಲಿಂದ ಶುರುವಾಗಿ ಚರ್ಮ ದಪ್ಪಗಾಗಿ ಹೊಪ್ಪಳೆ ಕಟ್ಟಿದ್ದರೆ ಅದು ಹೆಚ್ಚಾಗಿ ಕಜ್ಜಿ. ಸಾರ್ಕಾಪ್ಟಿಸ್ ಅನ್ನೋ ಕಣ್ಣಿಗೆ ಕಾಣದ ಹುಳ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆ ಇಡುತ್ತೆ. ಮನುಷ್ಯರಿಗೂ ತಗುಲುತ್ತೆ, ಆದರೆ ನಾಯಿಯ ಹುಳಕ್ಕೆ ನಮ್ಮ ಮೈಮೇಲೆ ಸಂಸಾರ ಬೆಳೆಸೋಕೆ ಆಗಲ್ಲ. ಸ್ವಲ್ಪ ದಿನ ತುರಿಸಿ ಹೋಗುತ್ತೆ. ಗ್ಲೌಸ್ ಹಾಕ್ಕೊಳ್ಳಿ, ಸಾಕು.

ರೇಬೀಸ್ ಬೇರೆಯೇ. ಜೊಲ್ಲು ಸುರಿಯುತ್ತಿದ್ದು, ದವಡೆ ಜೋತುಬಿದ್ದು, ಹಿಂಗಾಲು ತೂರಾಡುತ್ತಿದ್ದರೆ, ನಡವಳಿಕೆ ಇದ್ದಕ್ಕಿದ್ದಂತೆ ಬದಲಾಗಿದ್ದರೆ ಹತ್ತಿರ ಹೋಗಲೇಬೇಡಿ, ಪಾಲಿಕೆಗೆ ತಿಳಿಸಿ. ಯಾವ ನಾಯಿ ಕಚ್ಚಿದರೂ ಅಷ್ಟೇ: ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು, ಅದೇ ದಿನ ಲಸಿಕೆ ಶುರು ಮಾಡಬೇಕು. ಇದರಲ್ಲಿ "ನಾಳೆ ನೋಡೋಣ" ಇಲ್ಲ.

ನಮ್ಮ ಹಿಂಜವಡಿಯ ಸೊಸೈಟಿಯಲ್ಲಿ ವಾಚ್‌ಮನ್ ಕಾಕಾ ಒಳ್ಳೆ ಮನಸ್ಸಿಂದಲೇ ಸುಟ್ಟ ಎಂಜಿನ್ ಆಯಿಲ್ ತಂದಿದ್ದರು, ನಾಯಿಗೆ ಹಚ್ಚೋಕೆ. ನಮ್ಮ ಊರುಗಳಲ್ಲೂ ಈ ಪದ್ಧತಿ ಇದೆ. ದಯವಿಟ್ಟು ಬೇಡ. ನಾಯಿ ಮೈ ನೆಕ್ಕಿಕೊಳ್ಳುತ್ತೆ, ಆ ವಿಷವೆಲ್ಲ ಹೊಟ್ಟೆಗೆ ಹೋಗುತ್ತೆ. ಸೀಮೆಎಣ್ಣೆಯೂ ಹಾಗೇ. ಜ್ವರ ಅಂತ ಮನೆಯ ಡೋಲೋ, ಕ್ರೋಸಿನ್ ಕೊಡೋದೂ ಅಪಾಯ.

ಸರಿಯಾದ ದಾರಿ ವೆಟ್ ಹತ್ತಿರ ಚರ್ಮ ಕೆರೆಸಿ ನೋಡಿಸೋದು. ಡೆಮೊಡೆಕ್ಸ್ ಅನ್ನೋ ಇನ್ನೊಂದು ಹುಳವೂ ಇದೆ, ಅದು ಮನುಷ್ಯರಿಗೆ ಅಂಟಲ್ಲ. ಹಳೇ ಚಿಕಿತ್ಸೆ ಐವರ್ಮೆಕ್ಟಿನ್ ಇಂಜೆಕ್ಷನ್, ಸುಮಾರು ಎರಡು ವಾರಕ್ಕೊಮ್ಮೆ. ಬೀದಿ ನಾಯಿಯನ್ನ ಮತ್ತೆ ಮತ್ತೆ ಹಿಡಿಯೋದೇ ಇದರಲ್ಲಿ ಕಷ್ಟ. ಒಮ್ಮೆ ಚುಚ್ಚಿಸಿಕೊಂಡ ನಾಯಿ ಎರಡನೇ ಸಲ ನಿಮ್ಮ ಕೈಗೆ ಸಿಗಲ್ಲ! ಅದಕ್ಕೇ ಫ್ಲೂರಲ್ಯಾನರ್ ಥರದ ತಿನ್ನಿಸೋ ಮಾತ್ರೆ ನನಗೆ ಇಷ್ಟ. ತೂಕ ನೋಡಿ ವೆಟ್ ಬರೆದುಕೊಟ್ಟಿದ್ದನ್ನ ಚಿಕನ್ ತುಂಡಿನೊಳಗೆ ಇಟ್ಟರೆ ಆಯ್ತು. ಒಂದು ಡೋಸಿನ ಪರಿಣಾಮ ಸುಮಾರು ಹನ್ನೆರಡು ವಾರ, ಉಣುಗುಗಳೂ ಸಾಯುತ್ತವೆ.

ಉಣುಗು ಕಂಡರೆ ಒಸಡನ್ನೂ ನೋಡಿ. ಬಿಳಚಿಕೊಂಡಿದ್ದರೆ, ಮೂಗಲ್ಲಿ ರಕ್ತ ಬಂದರೆ ಟಿಕ್ ಫೀವರ್ ಇರಬಹುದು, ರಕ್ತ ಪರೀಕ್ಷೆ ಬೇಕು. ಎರ್ಲಿಕಿಯಾ ಅಂತ ಬಂದರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 28 ದಿನ. ನಮ್ಮ ನಾಯಿಗೂ ಇದೇ ಆಯ್ತು. ನಿಜವಾದ ಕೆಲಸ ಇಲ್ಲಿದೆ. ದಿನಾ ಅದೇ ಹೊತ್ತಿಗೆ, ಊಟದ ಜೊತೆ ಮಾತ್ರೆ. ಒಬ್ಬರಿಂದ ಆಗಲ್ಲ. ನಾವು ನಾಲ್ಕು ಜನ ಆನ್-ಕಾಲ್ ಥರಾನೇ ರೋಸ್ಟರ್ ಹಾಕ್ಕೊಂಡ್ವಿ, ನೈಟ್ ಶಿಫ್ಟ್‌ನವರಿಗೆ ಬೆಳಗಿನ ಪಾಳಿ. ಹತ್ತನೇ ದಿನದ ಹೊತ್ತಿಗೆ ನಾಯಿ ಚುರುಕಾಯ್ತು, ಗ್ರೂಪಲ್ಲಿ "ಇನ್ನು ಬಿಡಿ" ಅಂದರು. ಬಿಡಲಿಲ್ಲ. ಮಧ್ಯದಲ್ಲಿ ನಿಲ್ಲಿಸಿದರೆ ರೋಗ ಮರುಕಳಿಸಬಹುದು.

ಹಸಿದು ಬಡಕಲಾದ ನಾಯಿಗೆ ಒಂದೇ ಸಲ ಹೊಟ್ಟೆ ತುಂಬ ಹಾಕಬೇಡಿ. ಅನ್ನ, ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ, ಸ್ವಲ್ಪ ಸ್ವಲ್ಪವಾಗಿ. ಹಾಲು ಬಹಳ ನಾಯಿಗಳಿಗೆ ಭೇದಿ ಮಾಡಿಸುತ್ತೆ. ಈರುಳ್ಳಿ ಇರೋ ಸಾರು ಬೇಡವೇ ಬೇಡ.

ಗುಣವಾದ ಮೇಲೆ "ಊರಾಚೆ ಬಿಟ್ಟುಬನ್ನಿ" ಅನ್ನೋರು ಇರ್ತಾರೆ. ಹೊಸ ಜಾಗದಲ್ಲಿ ಅಲ್ಲಿನ ನಾಯಿಗಳು ಅದನ್ನ ಕಚ್ಚಿ ಓಡಿಸುತ್ತವೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೂ ಸಂತಾನಹರಣ, ರೇಬೀಸ್ ಲಸಿಕೆ ಮಾಡಿಸಿ ಹಿಡಿದ ಜಾಗಕ್ಕೇ ಬಿಡಬೇಕು ಅನ್ನುತ್ತವೆ. ತೂಕ ಬಂದ ಮೇಲೆ ನಮ್ಮದಕ್ಕೂ ಆಪರೇಷನ್ ಆಯ್ತು, ಗುರುತಿಗೆ ಕಿವಿ ತುದಿ ಕತ್ತರಿಸಿದ್ದಾರೆ. ಕಮಿಟಿ ಮೀಟಿಂಗಿಗೆ ನಾನು ಲಸಿಕೆ ಕಾರ್ಡ್ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಅದರ ಒಂದು ಪ್ರತಿ ಈಗ ಕಾಕಾ ಕ್ಯಾಬಿನ್ನಿನ ಗೋಡೆ ಮೇಲಿದೆ.